ತಂತಿಯಲ್ಲಿ ಹೋದದ್ದು ಕಿವಿಗೆ ಬೀಳಲಿಲ್ಲ

(ಎರಡನೇ ಮಹಾಯುದ್ಧದ ವಾಯುಸಮರದಲ್ಲಿ ಕದ್ದು ಕೇಳಿ ಬಿಡಿಸಿ ಓದಿದ ಶತ್ರುವಿನ ಸಂದೇಶಗಳನ್ನು ಎಷ್ಟು ನಂಬಬಹುದು ಎಂಬ ಬಗ್ಗೆ ಬೆಂಗಳೂರಿನಲ್ಲಿ ಇತಿಹಾಸದ ವಿದ್ಯಾರ್ಥಿಗಳೊಂದಿಗೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. 1943ರ ಏಪ್ರಿಲ್ 18ರ ಬೆಳಗ್ಗೆ ಸಾಲೊಮನ್ ದ್ವೀಪಗಳ ಬೂಗನ್‌ವಿಲ್ ಮೇಲೆ ಜಪಾನಿನ ಎಷ್ಟು ಬಾಂಬರ್‌ಗಳು ಹಾರುತ್ತಿದ್ದವು?

ಅಮೆರಿಕನ್ನರು ನಾಲ್ಕು ದಿನ ಮೊದಲೇ ಬಿಡಿಸಿ ಓದಿದ್ದ ಜಪಾನಿ ನೌಕಾಪಡೆಯ ಸಂದೇಶದ ಪ್ರಕಾರ ಒಂದು. ಜಪಾನಿನ ದಾಖಲೆಗಳ, ಬದುಕುಳಿದವರ ಹೇಳಿಕೆಗಳ ಪ್ರಕಾರ ಎರಡು. ದಾಳಿ ಮುಗಿಸಿ ಬಂದ ಅಮೆರಿಕನ್ ಪೈಲಟ್‌ಗಳು ತಾವು ಉರುಳಿಸಿದೆವೆಂದು ಬರೆಸಿದ್ದು ಮೂರು.

ಇದು ಜಪಾನಿನ ಸಂಯುಕ್ತ ನೌಕಾಬಲದ ದಂಡನಾಯಕ ಅಡ್ಮಿರಲ್ ಯಮಮೋಟೊ ಸತ್ತ ದಿನದ ಕಥೆ. ರಬೌಲ್‌ನಿಂದ ಯಾವ ಹೊತ್ತಿಗೆ ಹೊರಡುತ್ತಾರೆ, ಬಲ್ಲಾಲೆಗೆ ಯಾವ ಹೊತ್ತಿಗೆ ತಲುಪುತ್ತಾರೆ, ಬೆಂಗಾವಲಿಗೆ ಎಷ್ಟು ಫೈಟರ್‌ಗಳು ಬರುತ್ತವೆ, ಎಲ್ಲವೂ ಆ ಸಂದೇಶದಲ್ಲಿತ್ತು. ಬೆಂಗಾವಲಿಗೆ ಆರು ಎಂದಿತ್ತು, ಆರೇ ಬಂದವು. ಮೇಜರ್ ಜಾನ್ ಮಿಚೆಲ್ ಮುಂದಾಳತ್ವದಲ್ಲಿ ಗ್ವಾಡಲ್‌ಕೆನಾಲ್‌ನಿಂದ ಗುರಿಯತ್ತ ಸಾಗಿದ 16 ಪಿ-38 ಲೈಟ್ನಿಂಗ್ ವಿಮಾನಗಳು ಸಮುದ್ರಕ್ಕೆ ತಾಗಿದಂತೆ ಸುತ್ತುಬಳಸಿ ಹಾರಿ, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿದ್ದವು. ಯಮಮೋಟೊ ಕೂಡ ಹೊತ್ತು ತಪ್ಪದ ಮನುಷ್ಯ. ಕದ್ದಾಲಿಕೆಯ ಇತಿಹಾಸದಲ್ಲಿ ಇದಕ್ಕಿಂತ ನಿಖರವಾದ ಉದಾಹರಣೆ ಹುಡುಕುವುದು ಕಷ್ಟ.

ಆದರೂ ಮೊದಲ ಪ್ರಶ್ನೆಯಲ್ಲೇ, ಎಷ್ಟು ಬಾಂಬರ್ ಎಂಬಲ್ಲೇ, ಆ ಸಂದೇಶ ತಪ್ಪುತ್ತದೆ. ಎರಡನೇ ಬಾಂಬರ್‌ನಲ್ಲಿ ಯಮಮೋಟೊ ಅವರ ಕೈಕೆಳಗಿನ ಸಿಬ್ಬಂದಿ ಮುಖ್ಯಸ್ಥ (ಚೀಫ್ ಆಫ್ ಸ್ಟಾಫ್) ಉಗಾಕಿ ಇದ್ದರು. ಅವರ ವಿಮಾನ ಸಮುದ್ರಕ್ಕೆ ಬಿತ್ತು, ಅವರು ಬದುಕಿದರು. ಅಮೆರಿಕನ್ನರು ಮೂರು ಜೀರೊ ಫೈಟರ್‌ಗಳನ್ನೂ ಉರುಳಿಸಿದೆವು ಎಂದರು. ಜಪಾನಿನ ಲೆಕ್ಕದಲ್ಲಿ ಆರಕ್ಕೆ ಆರೂ ಹಿಂತಿರುಗಿದವು. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಎಂಬುದು ನನಗೆ ಮುಖ್ಯ. ಸಂದೇಶ ಬರೆದವನು ಏಪ್ರಿಲ್ 13ರಂದು ತನಗೆ ಗೊತ್ತಿದ್ದ ಏರ್ಪಾಟನ್ನು ಬರೆದ. ಪೈಲಟ್‌ಗಳು ಕೆಲವೇ ನಿಮಿಷಗಳ ಗೊಂದಲದಲ್ಲಿ ಕಂಡದ್ದನ್ನು ಹೇಳಿದರು. ಏನಾಯಿತು ಎಂಬುದು ಈ ಎರಡರಲ್ಲೂ ಪೂರ್ತಿಯಾಗಿ ಇರಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಂಡದ್ದಕ್ಕೇ ಆ ಎಚ್ಚರ ಬೇಕಾದರೆ ಕದ್ದು ಕೇಳಿದ್ದಕ್ಕೆ ಎಷ್ಟು ಬೇಕು? ಎರಡನೇ ಮಹಾಯುದ್ಧದ ವಾಯುಸಮರದ ಬಗ್ಗೆ ಬರೆಯುವವರು, ಈಗ ವಿಡಿಯೊ ಮಾಡುವವರು ಕೂಡ, "ಇದು ಬಿಡಿಸಿ ಓದಿದ ಸಂದೇಶದಲ್ಲೇ ಇದೆ" ಎಂದ ಕೂಡಲೇ ಚರ್ಚೆ ಮುಗಿಯಿತು ಎಂಬಂತೆ ನಡೆದುಕೊಳ್ಳುತ್ತಾರೆ. ಚರ್ಚೆ ಶುರುವಾಗಬೇಕಾದದ್ದೇ ಅಲ್ಲಿಂದ ಎನ್ನುವುದು ನನ್ನ ಮಾತು.

ಮೊದಲು ಕಡತದಲ್ಲಿರುವ ಕಾಗದ ಯಾವುದು ಎಂದು ನೋಡೋಣ. ಇಂಗ್ಲೆಂಡಿನ ಗೂಢಲಿಪಿ ಕೇಂದ್ರವಾದ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ನರ ಎನಿಗ್ಮಾ ಎಂಬ ಗೂಢಲಿಪಿ ಯಂತ್ರದ ಸಂದೇಶಗಳನ್ನು ಬಿಡಿಸುತ್ತಿದ್ದರು. ಇದಕ್ಕೆ ತಳಪಾಯ ಹಾಕಿದವರು ಪೋಲೆಂಡಿನ ಗಣಿತಜ್ಞರು. ಮರಿಯನ್ ರೆಯೆವ್ಸ್ಕಿ 1932ರಲ್ಲೇ ಯಂತ್ರದ ಒಳಗುಟ್ಟನ್ನು ಲೆಕ್ಕದಿಂದ ಕಂಡುಹಿಡಿದಿದ್ದರು, 1939ರ ಜುಲೈನಲ್ಲಿ ಪೋಲರು ಆ ಜ್ಞಾನವನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಕೊಟ್ಟರು. ಜರ್ಮನ್ ವಾಯುಪಡೆಯಾದ ಲುಫ್ಟ್‌ವಾಫೆ ಸಾಮಾನ್ಯವಾಗಿ ಬಳಸುತ್ತಿದ್ದ, ಬ್ರಿಟಿಷರು 'ರೆಡ್' ಎಂದು ಹೆಸರಿಟ್ಟಿದ್ದ ಕೀ (ಯಂತ್ರವನ್ನು ಹೊಂದಿಸುವ ಗುಟ್ಟಿನ ಏರ್ಪಾಟು) 1940ರ ಮೇ ಕೊನೆಯ ಭಾಗದಿಂದ ಹೆಚ್ಚುಕಡಿಮೆ ನಿರಂತರವಾಗಿ ಅವರ ಕೈಗೆ ಸಿಕ್ಕಿತು. ಹಟ್ 6 ಎಂಬ ಕಟ್ಟಡದಲ್ಲಿ ಬಿಡಿಸುವುದು, ಪಕ್ಕದ ಹಟ್ 3ರಲ್ಲಿ ಅನುವಾದಿಸಿ ಅರ್ಥ ಮಾಡುವುದು. ಅಲ್ಲಿಂದ ರಣರಂಗದ ಕಮಾಂಡರ್‌ಗಳಿಗೆ 'ಅಲ್ಟ್ರಾ' ಎಂಬ ಹೆಸರಿನಲ್ಲಿ ಹೋಗುತ್ತಿತ್ತು.

ಈ ದಾರಿಯಲ್ಲಿ ಎಷ್ಟು ಕೈ ಬದಲಾಗುತ್ತದೆ ನೋಡಿ. ಜರ್ಮನ್ ಅಧಿಕಾರಿ ಬರೆದ, ಅವನ ಆಪರೇಟರ್ ಮೋರ್ಸ್‌ನಲ್ಲಿ ಕಳಿಸಿದ. ಇಂಗ್ಲೆಂಡಿನ ಯಾವುದೋ ಕೇಂದ್ರದಲ್ಲಿ ಹೆಡ್‌ಫೋನ್ ಹಾಕಿ ಕೂತ ಹೆಣ್ಣುಮಗಳೊಬ್ಬಳು ಗೊರಗೊರ ಸದ್ದಿನ ನಡುವೆ ಅಕ್ಷರ ಅಕ್ಷರವಾಗಿ ಬರೆದುಕೊಂಡಳು. ಅರ್ಧ ಅಕ್ಷರ ಕೇಳಲಿಲ್ಲವೆಂದರೆ ಅಲ್ಲಿ ಖಾಲಿ. ಬಿಡಿಸಿದ ಮೇಲೆ ಆ ಖಾಲಿ ಜಾಗವನ್ನು ಹಟ್ 3ರವರು ಊಹೆಯಿಂದ ತುಂಬುತ್ತಿದ್ದರು, ಮತ್ತು ಪ್ರಾಮಾಣಿಕವಾಗಿ ಅದನ್ನು ಹೇಳುತ್ತಿದ್ದರು. ಓದು ಬಹುಮಟ್ಟಿಗೆ ಖಚಿತವಾದರೆ 'ಬಲವಾದ ಸೂಚನೆ', ಅದಕ್ಕಿಂತ ಕಡಿಮೆಯಾದರೆ 'ಸಾಧಾರಣ ಸೂಚನೆ', ಇನ್ನೂ ಕಡಿಮೆಯಾದರೆ 'ಅಲ್ಪ ಸೂಚನೆ' ಎಂಬ ಗೊತ್ತಾದ ಮಾತುಗಳಿದ್ದವು. ಕಮಾಂಡರ್‌ಗಳಿಗೆ ಹೋದದ್ದು ಇಂಗ್ಲಿಷಿಗೆ ತಂದು, ಮಾತು ಬದಲಿಸಿದ ರೂಪ. ಇತಿಹಾಸಕಾರರು 1977ರಿಂದ ಬ್ರಿಟನ್ನಿನ ಪತ್ರಾಗಾರದಲ್ಲಿ ಸಾವಿರಗಟ್ಟಲೆ ಓದುತ್ತಾ ಬಂದದ್ದು ಹೆಚ್ಚಾಗಿ ಈ ಕೊನೆಯ ರೂಪವನ್ನೇ. ಪುಸ್ತಕಗಳಲ್ಲಿ ಉಲ್ಲೇಖ ಮಾಡುವಾಗ ಮೊಟ್ಟಮೊದಲು ಉದುರಿಹೋಗುವುದು ಆ 'ಅಲ್ಪ ಸೂಚನೆ' ಎಂಬ ಎರಡು ಪದ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಗಲು ರಾತ್ರಿ ಕೂತು ತಮ್ಮ ಅನುಮಾನವನ್ನೂ ಅಳೆದು ಬರೆದವರಿಗೆ ನಾವು ಕೊಡುವ ಮರ್ಯಾದೆ ಅದಲ್ಲ.

ಇನ್ನು ಈ ಮಾತಿಗೆ ಶೀರ್ಷಿಕೆ ಕೊಟ್ಟ ವಿಷಯಕ್ಕೆ ಬರುತ್ತೇನೆ. ಎನಿಗ್ಮಾ ಸಂದೇಶ ಸಿಗಬೇಕಾದರೆ ಅದು ಗಾಳಿಯಲ್ಲಿ ಹೋಗಬೇಕು. ಫ್ರಾನ್ಸಿನಲ್ಲಿ, ಜರ್ಮನಿಯೊಳಗೆ, ಲುಫ್ಟ್‌ವಾಫೆಗೆ ಒಳ್ಳೆಯ ಟೆಲಿಫೋನ್ ಮತ್ತು ಟೆಲಿಪ್ರಿಂಟರ್ ತಂತಿಗಳಿದ್ದವು. ತಂತಿಯಲ್ಲಿ ಹೋದ ಮಾತು ಬ್ಲೆಚ್ಲಿಗೆ ಕೇಳುವ ಬಗೆಯೇ ಇರಲಿಲ್ಲ. ಅದೇ ಉತ್ತರ ಆಫ್ರಿಕಾದ ಮರಳುಗಾಡು ನೋಡಿ, ಮೆಡಿಟರೇನಿಯನ್ ಕಡಲು ನೋಡಿ. ಲಿಬಿಯಾದಲ್ಲಿರುವ ಜರ್ಮನ್ ವಾಯುನೆಲೆ ಸಿಸಿಲಿಯ ಜೊತೆ ಮಾತಾಡಬೇಕಾದರೆ ವೈರ್‌ಲೆಸ್ ಬಿಟ್ಟು ಗತಿಯಿಲ್ಲ. ಪೆಟ್ರೋಲು ಎಷ್ಟಿದೆ, ಹಾರಲು ತಯಾರಿರುವ ವಿಮಾನ ಎಷ್ಟು, ನಾಳೆ ಬೆಂಗಾವಲು ಯಾವ ಹಡಗಿಗೆ, ಎಲ್ಲವೂ ಗಾಳಿಗೆ ಬಂತು.

ಇದರ ಪರಿಣಾಮ ಏನು? ಬಿಡಿಸಿದ ಸಂದೇಶಗಳನ್ನು ಭೂಪಟದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಟ್ಟರೆ ನಿಮಗೆ ಸಿಗುವುದು ಯುದ್ಧದ ಭೂಪಟವಲ್ಲ. ಟೆಲಿಫೋನ್ ತಂತಿ ಎಲ್ಲಿ ಇರಲಿಲ್ಲ ಎಂಬುದರ ಭೂಪಟ. ಮೆಡಿಟರೇನಿಯನ್‌ನಲ್ಲಿ ದಟ್ಟ, 1943ರ ಜರ್ಮನ್ ನಗರಗಳ ಮೇಲೆ ವಿರಳ. ಒಂದು ಫೈಟರ್ ದಳ ಟ್ಯುನೀಸಿಯಾದಲ್ಲಿದ್ದಾಗ ಅದರ ದಿನನಿತ್ಯದ ಬದುಕು ಕಾಗದದ ಮೇಲೆ ಕಾಣುತ್ತದೆ. ಜರ್ಮನಿಗೆ ವಾಪಸು ಹೋದ ಕೂಡಲೇ ಅದು ಮಾಯವಾದಂತೆ ಅನಿಸುತ್ತದೆ. ಅದು ಸುಮ್ಮನಿರಲಿಲ್ಲ, ಪ್ರತಿದಿನ ಬಾಂಬರ್‌ಗಳ ಜೊತೆ ಹೊಡೆದಾಡುತ್ತಿತ್ತು. ಫೋನಿನಲ್ಲಿ ವರದಿ ಕೊಡುತ್ತಿತ್ತು, ಅಷ್ಟೇ ವ್ಯತ್ಯಾಸ.

ಹಾಗೆಯೇ 1944ರ ಬೇಸಿಗೆಯಲ್ಲಿ ಫ್ರಾನ್ಸಿನಿಂದ ಸಂದೇಶಗಳ ರಾಶಿ ಹೆಚ್ಚುತ್ತದೆ. ಅಲ್ಲಿ ಘಟನೆಗಳು ಹೆಚ್ಚಿದ್ದೂ ನಿಜ. ಬಾಂಬು ಬಿದ್ದು, ಫ್ರೆಂಚ್ ಪ್ರತಿರೋಧದವರು ಕೇಬಲ್ ಕತ್ತರಿಸಿ, ತಂತಿಯ ಮಾತು ಗಾಳಿಗೆ ತಳ್ಳಲ್ಪಟ್ಟದ್ದೂ ನಿಜ. ಯಾವುದು ಎಷ್ಟು ಎಂದು ಬೇರ್ಪಡಿಸದೆ ಆ ರಾಶಿಯನ್ನು ತೂಗಿ ತೀರ್ಮಾನಕ್ಕೆ ಬರುವುದು ಸಲ್ಲ. ಕಡತದಲ್ಲಿ ಇಲ್ಲ, ಆದ್ದರಿಂದ ನಡೆದಿಲ್ಲ ಎಂಬ ವಾದ ವಾಯುಸಮರದ ಚರ್ಚೆಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ತಪ್ಪು.

ಈಗ ಕವೆಂಟ್ರಿ. ಇದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ, ಏಕೆಂದರೆ ನಾನೂ ಹಲವು ವರ್ಷ ಆ ಕಥೆಯನ್ನು ನಂಬಿದ್ದೆ, ನಂಬಿ ಬೇರೆಯವರಿಗೂ ಹೇಳಿದ್ದೆ.

ಕಥೆ ಹೀಗೆ: 1940ರ ನವೆಂಬರ್ 14ರ ರಾತ್ರಿ ಜರ್ಮನ್ನರು ಇಂಗ್ಲೆಂಡಿನ ಕವೆಂಟ್ರಿ ನಗರವನ್ನು ಸುಡುತ್ತಾರೆಂದು ಚರ್ಚಿಲ್‌ಗೆ ಎನಿಗ್ಮಾದಿಂದ ಮೊದಲೇ ಗೊತ್ತಿತ್ತು, ಗುಟ್ಟು ಬಯಲಾಗಬಾರದೆಂದು ಜನರನ್ನು ಎಚ್ಚರಿಸದೆ ಊರನ್ನು ಬಲಿ ಕೊಟ್ಟರು. ಅಲ್ಟ್ರಾದ ಗುಟ್ಟನ್ನು 1974ರಲ್ಲಿ ಪುಸ್ತಕವಾಗಿ ಹೊರಹಾಕಿದ ಎಫ್. ಡಬ್ಲ್ಯು. ವಿಂಟರ್‌ಬಾಥಮ್ ಇದನ್ನು ಹರಡಿದರು. ಅವರು ಅಲ್ಟ್ರಾ ಹಂಚಿಕೆಯ ಏರ್ಪಾಟಿನಲ್ಲಿ ಸ್ವತಃ ಇದ್ದವರು. ಆದರೆ ಬರೆಯುವಾಗ ಅವರ ಮುಂದೆ ಕಡತ ಇರಲಿಲ್ಲ, ಮೂವತ್ತು ವರ್ಷ ಹಿಂದಿನ ನೆನಪು ಮಾತ್ರ ಇತ್ತು.

ಕಾಗದಗಳು ಹೊರಬಂದ ಮೇಲೆ ಕಂಡದ್ದು ಬೇರೆ. ನವೆಂಬರ್ 11ರ ಹೊತ್ತಿಗೆ ಬಿಡಿಸಿದ ಒಂದು ಸಂದೇಶದಲ್ಲಿ 'ಮೂನ್‌ಲೈಟ್ ಸೊನಾಟಾ' ಎಂಬ ಹೆಸರಿನ ದೊಡ್ಡ ದಾಳಿಯ ಸುದ್ದಿ ಇತ್ತು. ಬೆಳದಿಂಗಳ ರಾತ್ರಿ, ಗುರಿಯ ಮೇಲೆ ಕೂಡುವಂತೆ ಬಿಟ್ಟ ರೇಡಿಯೊ ಕಿರಣಗಳ ಜಾಡಿನಲ್ಲಿ ಹಾರುವ ದಳ ಮುಂದೆ ಹೋಗಿ ಬೆಂಕಿ ಹಚ್ಚುತ್ತದೆ ಎಂಬಷ್ಟು ತಿಳಿಯಿತು. ಊರಿನ ಹೆಸರು ಇರಲಿಲ್ಲ. 'ಕೋರ್ನ್' ಎಂಬ ಪದ ಸಿಕ್ಕಿತ್ತು, ಅದು ಕವೆಂಟ್ರಿಯ ಗುಪ್ತನಾಮ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಲಂಡನ್ ಮತ್ತು ದಕ್ಷಿಣದ ಕಡೆ ಇರಬಹುದೆಂಬ ಅನುಮಾನ ಬಲವಾಗಿತ್ತು. ಚರ್ಚಿಲ್ ಆ ಸಂಜೆ ಲಂಡನ್ ಬಿಟ್ಟು ಡಿಚ್ಲಿಗೆ ಹೊರಟವರು ಕಾರಿನಲ್ಲೇ ಕಾಗದ ಓದಿ ವಾಪಸು ತಿರುಗಿದರು, ಏಕೆಂದರೆ ದಾಳಿ ಲಂಡನ್ ಮೇಲೆ ಎಂದು ಅವರು ತಿಳಿದಿದ್ದರು. ಕಿರಣಗಳು ಕವೆಂಟ್ರಿಯ ಮೇಲೆ ಕೂಡುತ್ತಿವೆ ಎಂದು ಗೊತ್ತಾದದ್ದು ಅದೇ ದಿನ ಮಧ್ಯಾಹ್ನ, ಅದೂ ಕಿರಣಗಳನ್ನೇ ಹುಡುಕಿ ಅಳೆದದ್ದರಿಂದ, ಎನಿಗ್ಮಾದಿಂದಲ್ಲ. ಕಿರಣಗಳನ್ನು ಕೆಡಿಸಲು ಹಾಕಿದ ಜಾಮರ್ ತಪ್ಪು ಧ್ವನಿ ಆವರ್ತನಕ್ಕೆ ಹೊಂದಿಸಲ್ಪಟ್ಟಿತ್ತು: ಬೇಕಾದದ್ದು 2000 ಹರ್ಟ್ಜ್, ಇದ್ದದ್ದು 1500. ಆ ರಾತ್ರಿ 500ಕ್ಕೂ ಹೆಚ್ಚು ಜನ ಸತ್ತರು.

ನೋಡಿ, ಸಂದೇಶವನ್ನು ಬಿಡಿಸುವುದು ಒಂದು, ತಿಳಿಯುವುದು ಇನ್ನೊಂದು. ಇವತ್ತು ನಾವು ಆ ಕಾಗದ ತೆರೆದರೆ 'ಕೋರ್ನ್' ಎಂಬ ಪದ ಕಣ್ಣಿಗೆ ರಾಚುತ್ತದೆ, ಏಕೆಂದರೆ ಉತ್ತರ ನಮಗೆ ಗೊತ್ತು. 1940ರ ನವೆಂಬರ್‌ನಲ್ಲಿ ಆ ಮೇಜಿನ ಮುಂದೆ ಕೂತವನಿಗೆ ಅದು ಇನ್ನೊಂದು ಅರ್ಥವಾಗದ ಪದ. ಬಲಿ ಕೊಟ್ಟರು ಎಂಬ ಆರೋಪ ಸಣ್ಣದಲ್ಲ. ಮೂರು ಹಾಳೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಓದದೆ ಅದನ್ನು ಇವತ್ತಿಗೂ ಹೊರಿಸುತ್ತಿರುವುದು ಅನ್ಯಾಯ.

ಇದರ ಇನ್ನೊಂದು ಮಗ್ಗುಲೂ ಇದೆ. ಗುಟ್ಟು ಉಳಿಸಲು ಬ್ರಿಟಿಷರು, ಅಮೆರಿಕನ್ನರು ನಿಜವಾಗಿ ಮಾಡುತ್ತಿದ್ದದ್ದು ನೆಪ ಸೃಷ್ಟಿಸುವುದು. ಮೆಡಿಟರೇನಿಯನ್‌ನಲ್ಲಿ ಹಡಗಿನ ದಾರಿ ಎನಿಗ್ಮಾದಿಂದ ಗೊತ್ತಿದ್ದರೂ ಒಂದು ಗಸ್ತು ವಿಮಾನವನ್ನು ಆ ಕಡೆ ಕಳಿಸಿ, ಶತ್ರುವಿನ ಕಣ್ಣಿಗೆ ಬೀಳುವಂತೆ ಹಾರಿಸಿ, ಆಮೇಲೆ ದಾಳಿ. ಯಮಮೋಟೊ ವಿಷಯದಲ್ಲಿ ದ್ವೀಪಗಳಲ್ಲಿ ಅಡಗಿದ್ದ ಕರಾವಳಿ ಕಾವಲುಗಾರರು ನೋಡಿ ಹೇಳಿದರು ಎಂಬ ಮಾತು ಹಬ್ಬಿಸಿದರು. ಇದು ಇತಿಹಾಸಕಾರನಿಗೆ ಏನು ಮಾಡುತ್ತದೆ? ಕದ್ದಾಲಿಕೆಯ ಕಾಗದವನ್ನು ಸ್ಕ್ವಾಡ್ರನ್ ದಿನಚರಿಯ ಜೊತೆ ತಾಳೆ ನೋಡೋಣ ಎಂದರೆ, ಆ ದಿನಚರಿ ಬರೆದವನಿಗೇ ನಿಜ ಕಾರಣ ತಿಳಿಸಿರುವುದಿಲ್ಲ. "ಗಸ್ತು ವಿಮಾನ ಹಡಗುಗಳನ್ನು ಕಂಡಿತು" ಎಂದು ಅವನು ನಂಬಿ ಬರೆದಿದ್ದಾನೆ. 1974ಕ್ಕೆ ಮುಂಚೆ ಬಂದ ವಾಯುಸಮರದ ಅಧಿಕೃತ ಇತಿಹಾಸಗಳಲ್ಲಿ ಅಲ್ಟ್ರಾದ ಹೆಸರೇ ಇಲ್ಲ. ಬರೆದವರಲ್ಲಿ ಗೊತ್ತಿದ್ದವರು ಬಾಯಿ ಬಿಡುವಂತಿರಲಿಲ್ಲ. ಆಮೇಲೆ ಗುಟ್ಟು ಒಡೆದಾಗ ಎಲ್ಲದಕ್ಕೂ ಅಲ್ಟ್ರಾವೇ ಕಾರಣ ಎಂದು ಬರೆಯುವ ಅಲೆ ಬಂತು. ಆ ಎರಡನೇ ತಪ್ಪು ಇನ್ನೂ ಪೂರ್ತಿ ಇಳಿದಿಲ್ಲ.

ಸಂಖ್ಯೆಗಳ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ಲುಫ್ಟ್‌ವಾಫೆಯ ಸಂದೇಶ ಓದುತ್ತಿದ್ದ ಬ್ರಿಟಿಷರಿಗೆ ಅದರ ಗಾತ್ರವಾದರೂ ಸರಿಯಾಗಿ ಗೊತ್ತಿರಬೇಕಲ್ಲ? ಗೊತ್ತಿರಲಿಲ್ಲ. 1940ರಲ್ಲಿ ವಾಯು ಸಚಿವಾಲಯ ಶತ್ರುವಿನ ಬಲವನ್ನು ಬಹಳ ಹೆಚ್ಚಾಗಿ ಅಂದಾಜು ಮಾಡಿತ್ತು. ದಳಗಳ ಹೆಸರು ಸಂದೇಶಗಳಲ್ಲಿ ಸಿಗುತ್ತಿತ್ತು, ಪ್ರತಿ ದಳದಲ್ಲಿ ಮುಂಚೂಣಿಯ ವಿಮಾನ ಎಷ್ಟು, ಮೀಸಲು ಎಷ್ಟು ಎಂಬುದು ಊಹೆ. ಚರ್ಚಿಲ್ ಅವರ ವಿಜ್ಞಾನ ಸಲಹೆಗಾರ ಲಿಂಡೆಮನ್ ಆ ಲೆಕ್ಕ ಒಪ್ಪಲಿಲ್ಲ. ಜಗಳ ಬಗೆಹರಿಸಲು ಕೊನೆಗೆ ಒಬ್ಬ ನ್ಯಾಯಾಧೀಶರನ್ನು, ಜಸ್ಟಿಸ್ ಸಿಂಗಲ್‌ಟನ್ ಅವರನ್ನು, ಕೂರಿಸಬೇಕಾಯಿತು. ಎರಡೂ ಕಡೆಯ ಸಾಕ್ಷ್ಯ ಕೇಳಿ ಅವರು ಜರ್ಮನ್ ಮತ್ತು ಬ್ರಿಟಿಷ್ ವಾಯುಬಲದ ಪ್ರಮಾಣ ಸುಮಾರು ನಾಲ್ಕಕ್ಕೆ ಮೂರು ಎಂದರು. ಕೈಯಲ್ಲಿ ಶತ್ರುವಿನದೇ ಕಾಗದ ಇಟ್ಟುಕೊಂಡು ಇಷ್ಟು ಒದ್ದಾಟ.

ಅದೇ ವರ್ಷದ ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನ ಉರುಳಿಸಿದೆವು ಎಂದು ಬ್ರಿಟನ್ ಘೋಷಿಸಿತು. ನಿಜ ಸಂಖ್ಯೆ 60ರ ಆಸುಪಾಸು. ಅದನ್ನು ಕೊಟ್ಟದ್ದು ಯುದ್ಧ ಮುಗಿದ ಮೇಲೆ ಸಿಕ್ಕ, ಜರ್ಮನ್ ಸರಬರಾಜು ಇಲಾಖೆ ಬದಲಿ ವಿಮಾನ ಕೊಡುವುದಕ್ಕೆಂದು ಇಟ್ಟಿದ್ದ ನಷ್ಟದ ಪಟ್ಟಿ. ಲುಫ್ಟ್‌ವಾಫೆಯ ಕಾಗದಪತ್ರಗಳಲ್ಲಿ ಬಹುಪಾಲು 1945ರಲ್ಲಿ ಸುಟ್ಟುಹೋಗಿರುವುದರಿಂದಲೇ ನಾವು ಅಲ್ಟ್ರಾದ ಕಡೆ ಇಷ್ಟು ವಾಲುತ್ತೇವೆ, ಅದು ನನಗೆ ಅರ್ಥವಾಗುತ್ತದೆ.

ಎನಿಗ್ಮಾಕ್ಕಿಂತ ಕೆಳಗಿನ ಹಂತದ ಕದ್ದಾಲಿಕೆಯೂ ಇತ್ತು. ಜರ್ಮನ್ ಪೈಲಟ್‌ಗಳು ಹಾರುತ್ತಾ ರೇಡಿಯೊದಲ್ಲಿ ಆಡುವ ಮಾತನ್ನು ಕೆಂಟ್ ತೀರದ ಕೇಂದ್ರಗಳಲ್ಲಿ ಜರ್ಮನ್ ಬಲ್ಲ ಯುವತಿಯರು ನೇರವಾಗಿ ಕೇಳುತ್ತಿದ್ದರು. ಶತ್ರು ಫೈಟರ್‌ಗೆ 'ಇಂಡಿಯಾನರ್', ನಾಲ್ಕು ಎಂಜಿನ್ ಬಾಂಬರ್‌ಗೆ 'ದಪ್ಪ ಕಾರು', ಹೊಡೆದುರುಳಿಸಿದಾಗ 'ಹೊರ್ರಿಡೊ!' ಎಂಬ ಕೂಗು. ಆ ಕೂಗನ್ನು ಕೇಳಿಸಿಕೊಂಡವರ ಬರಹ ಓದುವಾಗ ಆಕಾಶವೇ ಮಾತಾಡಿದಂತೆ ಅನಿಸುತ್ತದೆ. ಆದರೆ 'ಹೊರ್ರಿಡೊ' ಎಂದವನು ಉರುಳಿಸಿದೆ ಎಂದು ನಂಬಿದ್ದಾನೆ, ಅಷ್ಟೇ. ಕೆಳಗೆ ಮೋಡದೊಳಗೆ ಹೊಗೆ ಬಿಡುತ್ತಾ ಹೋದ ವಿಮಾನ ಮನೆ ಸೇರಿತೋ ಇಲ್ಲವೋ ಅವನಿಗೆ ಗೊತ್ತಿಲ್ಲ.

ಈಗ ನಮ್ಮ ಕಡೆಗೆ ಬರೋಣ. 1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನವಾಹಕ ಹಡಗುಗಳು ಬಂಗಾಳ ಕೊಲ್ಲಿಯ ದಿಕ್ಕಿಗೆ ಬಂದವು. ಕೊಲಂಬೊದಲ್ಲಿದ್ದ ಬ್ರಿಟಿಷ್ ಗೂಢಲಿಪಿ ತಂಡ ಜಪಾನಿ ನೌಕಾಪಡೆಯ ಸಂಕೇತವನ್ನು ಭಾಗಶಃ ಓದಿ, ಸಿಲೋನ್ ಮೇಲೆ ದಾಳಿ ಬರುತ್ತದೆ, ಏಪ್ರಿಲ್ 1ರ ಸುಮಾರಿಗೆ ಎಂದು ಹೇಳಿತು. ಅಡ್ಮಿರಲ್ ಸೋಮರ್‌ವಿಲ್ ತಮ್ಮ ಹಡಗುಗಳನ್ನೆಲ್ಲ ಕೂಡಿಸಿ ಸಿಲೋನ್ ದಕ್ಷಿಣಕ್ಕೆ ಕಾದರು. ಒಂದನೇ ತಾರೀಖು ಬಂತು, ಎರಡನೆಯದೂ ಕಳೆಯಿತು, ಯಾರೂ ಬರಲಿಲ್ಲ. ನೀರು, ಎಣ್ಣೆ ತುಂಬಿಸಲು ಮಾಲ್ಡೀವ್ಸ್‌ನ ಅಡ್ಡು ಹವಳದ್ವೀಪಕ್ಕೆ ಹೋದರು, ಕೆಲವು ಹಡಗುಗಳನ್ನು ಬಂದರಿಗೆ ವಾಪಸು ಕಳಿಸಿದರು. ನಾಲ್ಕನೇ ತಾರೀಖು ಲಿಯೊನಾರ್ಡ್ ಬರ್ಚಲ್ ಎಂಬ ಕೆನಡಾದ ಪೈಲಟ್ ಕ್ಯಾಟಲಿನಾ ವಿಮಾನದಿಂದ ಜಪಾನಿ ಹಡಗುಗಳನ್ನು ಕಣ್ಣಾರೆ ಕಂಡು, ವೈರ್‌ಲೆಸ್‌ನಲ್ಲಿ ಹೇಳುತ್ತಿರುವಾಗಲೇ ಹೊಡೆತ ತಿಂದು ಸೆರೆಯಾದರು. ಮರುದಿನ, ಈಸ್ಟರ್ ಭಾನುವಾರ, ಕೊಲಂಬೊ ಮೇಲೆ ಬಾಂಬು ಬಿತ್ತು. ಡಾರ್ಸೆಟ್‌ಶೈರ್, ಕಾರ್ನ್‌ವಾಲ್ ಎಂಬ ಎರಡು ಕ್ರೂಸರ್ ಆ ದಿನವೇ ಮುಳುಗಿದವು. 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬು ಬಿತ್ತು. 9ರಂದು ಬ್ಯಾಟಿಕಲೋವಾ ಆಚೆ ವಿಮಾನವಾಹಕ ಹರ್ಮಿಸ್ ಮುಳುಗಿತು.

ಕದ್ದಾಲಿಕೆ ಜಾಗವನ್ನು ಸರಿಯಾಗಿ ಹೇಳಿತ್ತು, ದಿನವನ್ನು ತಪ್ಪಾಗಿ ಹೇಳಿತ್ತು. ಬರುವ ಬಲವನ್ನೂ ಕಡಿಮೆ ಅಂದಾಜಿಸಿದ್ದರು. ಬಂದದ್ದು ಐದು ವಿಮಾನವಾಹಕಗಳು. ಈ ದಾಳಿಯನ್ನು ಗೂಢಲಿಪಿಯ ಗೆಲುವು ಎಂದು ಬರೆದವರಿದ್ದಾರೆ, ಸೋಲು ಎಂದು ಬರೆದವರೂ ಇದ್ದಾರೆ. ನನ್ನ ಮಟ್ಟಿಗೆ ಅಂದಿನ ಅತಿ ಬೆಲೆಯುಳ್ಳ ಮಾಹಿತಿ ಬರ್ಚಲ್ ಕಣ್ಣಿನಿಂದ ಬಂತು.

ಬೆಂಗಳೂರಿಗೂ ಈ ಕೆಲಸದಲ್ಲಿ ಪಾಲಿತ್ತು. ದೆಹಲಿಯ ಆನಂದ ಪರ್ಬತ್ ಗುಡ್ಡದ ಮೇಲೆ 'ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್' ಎಂಬ ಮುಗ್ಧ ಹೆಸರಿನಲ್ಲಿ ಬ್ಲೆಚ್ಲಿಯ ಒಂದು ಹೊರಠಾಣೆ ಇತ್ತು. ಅದರ ಕೈಕೆಳಗೆ ಎರಡು ಉಪಕೇಂದ್ರಗಳು: ಪೂರ್ವದ್ದು ಕಲ್ಕತ್ತೆ ಬಳಿಯ ಬ್ಯಾರಕ್‌ಪುರದಲ್ಲಿ, ಪಶ್ಚಿಮದ್ದು ನಮ್ಮ ಬೆಂಗಳೂರಿನಲ್ಲಿ. ಬರ್ಮಾ ರಣರಂಗದ ಜಪಾನಿ ಸಂದೇಶಗಳನ್ನು ಹಿಡಿಯುವ, ಬಿಡಿಸುವ ಜಾಲ ಅದು. ದೆಹಲಿಯಲ್ಲಿ ವಿಲ್ಫ್ರೆಡ್ ನಾಯ್ಸ್ ಮತ್ತು ಮಾರಿಸ್ ಆಲನ್ 1943ರಲ್ಲಿ ಜಪಾನಿ ಭೂಸೇನೆಯ ಜಲಸಾರಿಗೆ ಸಂಕೇತವನ್ನು ಒಡೆದರು. (ಈ ನಾಯ್ಸ್ 1953ರ ಎವರೆಸ್ಟ್ ತಂಡದಲ್ಲಿದ್ದವರೇ.) ಆ ಸಂಕೇತದ ಹೆಸರನ್ನು ಗಮನಿಸಿ, ಜಲಸಾರಿಗೆ. ಮೊದಲು ಬಾಗಿಲು ತೆರೆದದ್ದು ಹಡಗುಗಳ ಲೋಕಕ್ಕೆ. 1943ಕ್ಕೆ ಮುಂಚೆ ಜಪಾನಿ ಭೂಸೇನೆಯ ಮುಖ್ಯ ಸಂಕೇತಗಳು ಯಾರಿಗೂ ಬಗ್ಗಿರಲಿಲ್ಲ. ಆದ್ದರಿಂದ 1941ರ ಡಿಸೆಂಬರ್‌ನಲ್ಲಿ ರಂಗೂನಿನ ಮೇಲೆ ಬಾಂಬು ಬಿದ್ದ ದಿನಗಳನ್ನು ಈ ಕಾಗದಗಳಲ್ಲಿ ಹುಡುಕಬೇಡಿ. ಓಡಿಬಂದವರ ಹೇಳಿಕೆ, ಆಸ್ಪತ್ರೆಯ ದಾಖಲೆ, ಎರಡೂ ಕಡೆಯ ದಳಗಳ ದಿನಚರಿ, ಅಲ್ಲಿ ಹುಡುಕಿ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಹಾಗಾದರೆ ಇದನ್ನು ನಂಬಲೇಬಾರದಾ?"

ನಂಬಬೇಕಮ್ಮ, ಯಾವ ಪ್ರಶ್ನೆಗೆ ಎಂದು ನೋಡಿ ನಂಬಬೇಕು. 1944ರ ಮೇ 12ರಂದು ಅಮೆರಿಕನ್ ಬಾಂಬರ್‌ಗಳು ಜರ್ಮನಿಯ ಕೃತಕ ಪೆಟ್ರೋಲ್ ಕಾರ್ಖಾನೆಗಳನ್ನು ಹೊಡೆದವು. ಆಕಾಶದಿಂದ ತೆಗೆದ ಫೋಟೊದಲ್ಲಿ ಮುರಿದ ಚಾವಣಿ ಕಾಣುತ್ತದೆ. ಹೊಡೆತ ಶತ್ರುವಿಗೆ ಎಷ್ಟು ನೋಯಿತು ಎಂಬುದು ಕಾಣುವುದಿಲ್ಲ. ಆ ವಾರಗಳಲ್ಲಿ ಬಿಡಿಸಿದ ಸಂದೇಶಗಳಲ್ಲಿ ವಿಮಾನ ನಿರೋಧಕ ತೋಪುಗಳನ್ನು ಕಾರ್ಖಾನೆಗಳ ಕಡೆ ತಿರುಗಿಸುವ ಆದೇಶ ಸಿಕ್ಕಿತು, ಇಂಧನ ಮಿತವಾಗಿ ಬಳಸಿ ಎಂಬ ಆತಂಕ ಸಿಕ್ಕಿತು. ಶತ್ರು ಯಾವುದಕ್ಕೆ ಹೆದರುತ್ತಿದ್ದಾನೆ, ಏನು ಮಾಡಬೇಕೆಂದಿದ್ದಾನೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಯಾವ ವಿಮಾನ ಎಲ್ಲಿ ಬಿತ್ತು, ಯಾರು ಹೊಡೆದರು, ಎಷ್ಟು ಸತ್ತರು ಎಂದು ಕೇಳಿದರೆ ಅದೇ ಸಾಕ್ಷಿ ತಡವರಿಸುತ್ತದೆ.

ಹಿಂದಿನ ಸಾಲಿನಿಂದ ಇನ್ನೊಬ್ಬರು: "ಹಾಗಾದರೆ ಯಮಮೋಟೊ ಅವರನ್ನು ಹೊಡೆದದ್ದು ಯಾರು?"

ಆ ದಿನ ಹಾರಿದ ಅಮೆರಿಕನ್ ಪೈಲಟ್‌ಗಳಲ್ಲಿ ಥಾಮಸ್ ಲ್ಯಾನ್‌ಫಿಯರ್ ತಾನೆಂದರು, ರೆಕ್ಸ್ ಬಾರ್ಬರ್ ತಾನೆಂದರು. ಅಮೆರಿಕದ ವಾಯುಪಡೆ ಕೊನೆಗೆ ಅರ್ಧ ಅರ್ಧ ಹಂಚಿತು. ಲ್ಯಾನ್‌ಫಿಯರ್ ತಾನು ಪಕ್ಕದಿಂದ ಬಂದು ಹೊಡೆದೆ ಎಂದಿದ್ದರು, ಬಾರ್ಬರ್ ನೇರ ಹಿಂದಿನಿಂದ ಎಂದಿದ್ದರು. ಬೂಗನ್‌ವಿಲ್ ಕಾಡಿನಲ್ಲಿ ಆ ಬಾಂಬರ್‌ನ ಅವಶೇಷ ಈಗಲೂ ಇದೆ. ಅದನ್ನು ಪರೀಕ್ಷಿಸಿದವರು ಗುಂಡಿನ ತೂತುಗಳು ಹಿಂದಿನಿಂದ ಬಿದ್ದವು ಎಂದು ದಾಖಲಿಸಿದ್ದಾರೆ. ಬೆಂಗಾವಲಿನ ಜಪಾನಿ ಪೈಲಟ್‌ಗಳಲ್ಲಿ ಯುದ್ಧ ಮುಗಿಯುವವರೆಗೆ ಬದುಕಿ ಉಳಿದ ಒಬ್ಬರೇ ಒಬ್ಬರು, ಕೆಂಜಿ ಯಾನಾಗಿಯಾ, ಹೇಳಿದ್ದೂ ಅದಕ್ಕೆ ಹೊಂದುತ್ತದೆ. ನಾನು ಬಾರ್ಬರ್ ಕಡೆ ಇದ್ದೇನೆ.